ಅಪ್‌ಡೇಟ್: ಗುಂಡನ ಗಂಟುಗಳು ಬಿಟ್ಟವು

ನಮ್ಮ ಶಿಟ್ಜು ತಳಿಯ ನಾಯಿ ಗುಂಡನ ಕಿವಿ ಹಿಂದೆ, ಕಂಕುಳಲ್ಲಿ ಕೂದಲು ಜಡೆಗಟ್ಟಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ? "ಮೊದಲೇ ಸ್ನಾನ ಮಾಡಿಸಬೇಡಿ, ನೀರು ಬಿದ್ರೆ ಗಂಟು ಇನ್ನೂ ಬಿಗಿಯಾಗುತ್ತೆ" ಅಂದವರಿಗೆ ದೊಡ್ಡ ನಮಸ್ಕಾರ. ನಾನು ಮಾಡ್ತಿದ್ದ ತಪ್ಪೇ ಅದು.

ಈ ಸಲ ಗಂಟಿಗೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಬುಡವನ್ನು ಬೆರಳಲ್ಲಿ ಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪವೇ ಸ್ಟೀಲ್ ಬಾಚಣಿಗೆಯಲ್ಲಿ ಬಿಡಿಸಿದೆ. ಮೂರು ಸಂಜೆ ಹಿಡೀತು. ಹತ್ತು ನಿಮಿಷ ದಾಟಿದ್ರೆ ಮಹಾಶಯ ಸೋಫಾ ಕೆಳಗೆ! ಕಂಕುಳಿನ ಒಂದು ಗಂಟು ಮಾತ್ರ ಚರ್ಮಕ್ಕೇ ಅಂಟಿತ್ತು. ಕತ್ತರಿ ಹಾಕೋಕೆ ಧೈರ್ಯ ಬರಲಿಲ್ಲ, ಡಾಕ್ಟರ ಹತ್ರ ಟ್ರಿಮ್ಮರ್‌ನಲ್ಲಿ ತೆಗೆಸಿದೆ. ಆಮೇಲೇ ಸ್ನಾನ ಮಾಡಿಸಿ, ಕೂದಲನ್ನು ಬುಡದವರೆಗೂ ಒಣಗಿಸಿದೆ.

ನೆತ್ತಿ ಮೇಲೆ ಜುಟ್ಟು ಕಟ್ಟಿದ್ದೀನಿ, ಕಣ್ಣೀಗ ಕಾಣಿಸ್ತಿದೆ. ಅಮ್ಮ ಮಾತ್ರ "ನನ್ನ ತಲೆಗೆ ಯಾರಾದ್ರೂ ಒಂದು ದಿನ ಎಣ್ಣೆ ಹಚ್ಚಿದ್ರಾ?" ಅಂತಿದ್ದಾರೆ.