ಕೂತು ಕೆಲಸ ಮಾಡಿದ್ದಕ್ಕೇ ಒಂಬತ್ತು ಕೆಜಿ ಬರುತ್ತಾ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ, ಊರು ಶಿವಮೊಗ್ಗ. ಬಿಲ್ಲಿಂಗ್ ಕೆಲಸ, ಮನೆಯಿಂದಲೇ. ನಾಲ್ಕು ವರ್ಷದ ಹಿಂದೆ ಬೆಂಗಳೂರಿನಲ್ಲಿದ್ದೆವು. ಆಗ ತೂಕ 58 ಕೆಜಿ. ಈಗ 67. ಎತ್ತರ 5 ಅಡಿ 2 ಇಂಚು.

ಊಟ ಏನೂ ಜಾಸ್ತಿ ಆಗಿಲ್ಲ. ಬೆಳಿಗ್ಗೆ ಎರಡು ದೋಸೆ ಇಲ್ಲವೇ ಅವಲಕ್ಕಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಎರಡು ಚಪಾತಿ. ಬೆಂಗಳೂರಿನಲ್ಲೂ ಇಷ್ಟೇ ಇತ್ತು. ಕಡಿಮೆ ಆಗಿದ್ದು ಓಡಾಟ. ಅಲ್ಲಿ ಬಸ್ ಸ್ಟಾಪಿಗೆ ಹತ್ತು ನಿಮಿಷ ನಡೆಯಬೇಕಿತ್ತು. ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಓಡಬೇಕಿತ್ತು. ಆಫೀಸು ಮೂರನೇ ಮಹಡಿ. ಈಗ ಮಂಚದಿಂದ ಮೇಜಿಗೆ ಎಂಟು ಹೆಜ್ಜೆ, ಆಮೇಲೆ ಹತ್ತು ಗಂಟೆ ಲ್ಯಾಪ್‌ಟಾಪ್. ರಾತ್ರಿ ಮಗ ಮಲಗಿದ ಮೇಲೆ ಮೊಬೈಲಿನಲ್ಲಿ ಸೀರಿಯಲ್. ಮಲಗುವಾಗ ಹನ್ನೆರಡೂವರೆ.

ಅತ್ತೆ "ಕೂತೂ ಕೂತೂ ಮೈ ಬಂತು" ಅನ್ನುತ್ತಾರೆ. ನಮ್ಮೆಜಮಾನರು "ವಯಸ್ಸಾದ ಮೇಲೆ ಹಾಗೇನೇ" ಅನ್ನುತ್ತಾರೆ. ಆದರೆ ನನ್ನ ತಮ್ಮನೂ ದಿನವಿಡೀ ಕಂಪ್ಯೂಟರ್ ಮುಂದೆಯೇ ಇರುತ್ತಾನೆ, ಕಡ್ಡಿ ಹಾಗಿದ್ದಾನೆ. ಸ್ಕ್ರೀನ್ ಮುಂದೆ ಕೂತರೆ ತೂಕ ಬರುತ್ತೆ ಅನ್ನೋದು ನಿಜವಾ? ನನಗೆ ಒಂಬತ್ತು ವರ್ಷದ ಮಗ ಇದ್ದಾನೆ. ಯೂಟ್ಯೂಬ್ ಹಾಕದಿದ್ದರೆ ತಟ್ಟೆ ಮುಟ್ಟುವುದಿಲ್ಲ. ನನ್ನದು ಹೋಗಲಿ, ಅವನದೇ ಚಿಂತೆ ಆಗಿದೆ.

ಹಳೇ ಕಂಡಕ್ಟರ್:

ತಾಯಿ, ನಾನು ಮೈಸೂರಿನಲ್ಲಿ 31 ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ, ಮತ್ತೆ ವಾಪಸ್, ಇದೇ ನನ್ನ ಜೀವನ. ಹೊಟ್ಟೆ ಅನ್ನೋದೇ ಬರಲಿಲ್ಲ. ನನ್ನ ಜೊತೆ ಡ್ಯೂಟಿ ಮಾಡಿದ ಡ್ರೈವರ್‌ಗಳಲ್ಲಿ ಸುಮಾರು ಜನಕ್ಕೆ ಬೆಲ್ಟು ಸಾಲುತ್ತಿರಲಿಲ್ಲ. ಅವರದ್ದೂ ನನ್ನದೂ ಒಂದೇ ಹೋಟೆಲ್ಲಿನ ಊಟ. ರಿಟೈರ್ ಆದ ಮೊದಲನೇ ವರ್ಷವೇ ನನಗೆ ಆರು ಕೆಜಿ ಬಂತು. ಡ್ಯೂಟಿಯಲ್ಲಿದ್ದಾಗ ಉಣ್ಣುತ್ತಿದ್ದ ಎರಡು ಮುದ್ದೆಯನ್ನೇ ಆಗಲೂ ಉಣ್ಣುತ್ತಿದ್ದೆ. ನಿಮ್ಮ ಅತ್ತೆಯವರ ಮಾತು ನನಗಂತೂ ನಿಜ.

ರಾಗಿರೊಟ್ಟಿ:

ನಾನು ಹಾಸನದವಳು, ಹನ್ನೆರಡು ವರ್ಷದಿಂದ ಡಯೆಟಿಷಿಯನ್. ಕಂಡಕ್ಟರ್ ಸರ್ ಹೇಳಿದ್ದನ್ನೇ ಲಂಡನ್ನಿನಲ್ಲಿ ಒಬ್ಬ ವೈದ್ಯರು ಅಳೆದು ನೋಡಿದ್ದರು. ಹೆಸರು ಜೆರ್ರಿ ಮಾರಿಸ್. ಅಲ್ಲಿನ ಡಬಲ್ ಡೆಕ್ಕರ್ ಕಂಡಕ್ಟರ್‌ಗಳು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಅವರಿಗಿಂತ ಡ್ರೈವರ್‌ಗಳಿಗೆ ಹೃದಯದ ಕಾಯಿಲೆ ಜಾಸ್ತಿ ಎಂದು 1953ರಲ್ಲಿ ಪ್ರಕಟಿಸಿದರು. 1956ರಲ್ಲಿ ಯೂನಿಫಾರ್ಮಿನ ಅಳತೆ ಪುಸ್ತಕ ತೆಗೆದು ನೋಡಿದರೆ ಡ್ರೈವರ್‌ಗಳ ಪ್ಯಾಂಟಿನ ಸೊಂಟವೂ ದೊಡ್ಡದು. ಆದರೆ ಸರ್, ಇನ್ನೂ ಹೆಚ್ಚು ವರ್ಷ ಸೀಟಿನಲ್ಲಿ ಕೂರದ ಕಡಿಮೆ ವಯಸ್ಸಿನ ಡ್ರೈವರ್‌ಗಳ ಸೊಂಟವೂ ದೊಡ್ಡದೇ ಇತ್ತು. ಹಾಗಾಗಿ ಎಲ್ಲ ತಪ್ಪನ್ನೂ ಸೀಟಿನ ಮೇಲೆ ಹಾಕಲು ಬರುವುದಿಲ್ಲ.

ತುಂಗಾತೀರ ಅವರೇ, ಕೂರುವುದಕ್ಕೂ ಸುಮ್ನೆ ನಿಲ್ಲುವುದಕ್ಕೂ ಖರ್ಚಿನಲ್ಲಿ ವ್ಯತ್ಯಾಸ ತೀರ ಕಡಿಮೆ. ಆರು ಗಂಟೆ ಕೂರುವ ಬದಲು ನಿಂತರೂ ಐವತ್ತು ಚಿಲ್ಲರೆ ಕ್ಯಾಲೊರಿ, ಒಂದು ಚಕ್ಕುಲಿಯಷ್ಟೂ ಇಲ್ಲ. ನಿಮಗೆ ನಿಂತು ಹೋಗಿರುವುದು ನಡಿಗೆ ಮತ್ತು ಮೆಟ್ಟಿಲು. ಅದು ದಿನಕ್ಕೆ ನೂರು ಕ್ಯಾಲೊರಿಗೂ ಮೇಲೆ ಇದ್ದಿರಬಹುದು. ನಾಲ್ಕು ವರ್ಷದಲ್ಲಿ ಒಂಬತ್ತು ಕೆಜಿ ಅಂದರೆ ಕಾಗದದ ಲೆಕ್ಕದಲ್ಲಿ ದಿನಕ್ಕೆ ಐವತ್ತು ಕ್ಯಾಲೊರಿ ಸುತ್ತಮುತ್ತ ಉಳಿದರೆ ಸಾಕು. ಯಾರ ಕಣ್ಣಿಗೂ ಬೀಳದಷ್ಟು.

ತಮ್ಮನ ವಿಷಯಕ್ಕೂ ಉತ್ತರ ಇದೆ. ಅಮೆರಿಕದಲ್ಲಿ 16 ಜನಕ್ಕೆ ಎಂಟು ವಾರ, ದಿನಕ್ಕೆ 1000 ಕ್ಯಾಲೊರಿ ಜಾಸ್ತಿ ಊಟ ಹಾಕಿ ನೋಡಿದರು. ಫಲಿತಾಂಶ ಬಂದಿದ್ದು 1999ರಲ್ಲಿ. ಒಬ್ಬರಿಗೆ ಅರ್ಧ ಕೆಜಿಯೂ ಕೊಬ್ಬು ಸೇರಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕೆಜಿ ದಾಟಿತು. ಕಾಲು ಅಲ್ಲಾಡಿಸುವುದು, ಎದ್ದು ಓಡಾಡುವುದು, ಇಂಥ ಗೊತ್ತಿಲ್ಲದೇ ಆಗುವ ಚಲನೆ ಕೆಲವರಲ್ಲಿ ತಾನಾಗಿ ಹೆಚ್ಚುತ್ತದೆ. ನಿಮ್ಮ ತಮ್ಮ ಫೋನ್ ಬಂದರೆ ಎದ್ದು ನಡೆಯುತ್ತಾ ಮಾತಾಡುತ್ತಾನಾ, ನೋಡಿ.

ಈಗ ಮಗನ ವಿಷಯ. ಇದನ್ನು ಎಷ್ಟು ಹೇಳಿದರೂ ನನಗೆ ಸಾಲದು. ಕ್ಯಾಲಿಫೋರ್ನಿಯಾದ ಎರಡು ಶಾಲೆಗಳಲ್ಲಿ ಮೂರನೇ ಮತ್ತು ನಾಲ್ಕನೇ ಕ್ಲಾಸಿನ ಮಕ್ಕಳ ಮೇಲೆ ಒಂದು ಪ್ರಯೋಗ ನಡೆದಿತ್ತು. ಅದೂ 1999ರದ್ದೇ. ಒಂದು ಶಾಲೆಯ ಮಕ್ಕಳಿಗೆ ಟಿವಿ ಕಡಿಮೆ ಮಾಡಿಸಿದರು. ವರ್ಷದ ಕೊನೆಗೆ ಅವರ ತೂಕ ಇನ್ನೊಂದು ಶಾಲೆಯವರಷ್ಟು ಏರಿರಲಿಲ್ಲ. ಹಾಗಂತ ಆ ಮಕ್ಕಳ ಆಟ ಓಟವೇನೂ ಗಮನಕ್ಕೆ ಬರುವಷ್ಟು ಜಾಸ್ತಿ ಆಗಿರಲಿಲ್ಲ. ಟಿವಿ ಮುಂದಿನ ಊಟ ಕಡಿಮೆಯಾಗಿತ್ತು. ಕಣ್ಣು ವಿಡಿಯೋದಲ್ಲಿದ್ದರೆ ಹೊಟ್ಟೆ ತುಂಬಿದ್ದು ಮಗುವಿಗೆ ತಿಳಿಯುವುದಿಲ್ಲ. ನಮಗೂ ಅಷ್ಟೇ. ಅದಕ್ಕೇ ಕೇಳುತ್ತೇನೆ, ಲ್ಯಾಪ್‌ಟಾಪ್ ಮುಂದೆ ತಿನ್ನುವುದನ್ನು ನಿಮ್ಮ ಲೆಕ್ಕದಲ್ಲಿ ಸೇರಿಸಿದ್ದೀರಾ? ಮೂರು ದಿನ ಬಾಯಿಗೆ ಹೋದದ್ದನ್ನೆಲ್ಲಾ ಒಂದು ಚೀಟಿಯಲ್ಲಿ ಬರೆದಿಡಿ. ಯಾರಿಗೂ ತೋರಿಸಬೇಕಿಲ್ಲ.

ನಿದ್ದೆಯೂ ಮುಖ್ಯ. ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ 80 ಜನರ ಮೇಲೆ ನಡೆದ ಅಧ್ಯಯನ 2022ರಲ್ಲಿ ಬಂತು. ನಿದ್ದೆ ಒಂದು ಗಂಟೆ ಚಿಲ್ಲರೆ ಹೆಚ್ಚಿಸಿಕೊಂಡವರು, ಹಾಗೆ ಮಾಡದವರಿಗಿಂತ ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದರು. ಇನ್ನೊಂದು, ನಮ್ಮ ದೇಶದವರಿಗೆ ತೂಕಕ್ಕಿಂತ ಸೊಂಟದ ಅಳತೆ ಜಾಸ್ತಿ ಹೇಳುತ್ತದೆ. ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಒಂದು ಸಲ ಥೈರಾಯ್ಡ್, ಶುಗರ್ ಎರಡನ್ನೂ ನೋಡಿಸಿಬಿಡಿ.

ಬೆಳಗಿನ ಓಟ:

ಸಂಜೆ ಒಂದು ಗಂಟೆ ಬಿರುಸಾಗಿ ನಡೆದರೆ ಎಲ್ಲ ಸರಿಹೋಗುತ್ತೆ ಅಕ್ಕ. ನಾನು ಹಾಗೇ ಇಳಿಸಿದ್ದು.

ರಾಗಿರೊಟ್ಟಿ:

ನಡೆಯಲೇಬೇಕು, ನಿಜ. ಹೃದಯಕ್ಕೂ ಶುಗರಿಗೂ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ತೂಕ ಇಳಿಸಲು ನಡಿಗೆಯೊಂದನ್ನೇ ನಂಬಿದವರು ಎರಡು ತಿಂಗಳಿಗೆ ಬೇಜಾರಾಗಿ ಬಿಟ್ಟುಬಿಡುವುದನ್ನು ತುಂಬಾ ನೋಡಿದ್ದೇನೆ. ಅದಕ್ಕೇ ತಟ್ಟೆಯ ವಿಷಯವನ್ನೂ ಜೊತೆಗೆ ಹೇಳುತ್ತೇನೆ.

ತುಂಗಾತೀರ:

ಚೀಟಿ ಬರೆದೆ. ನೋಡಿ ಕೈಕಾಲು ತಣ್ಣಗಾಯಿತು. ದಿನಕ್ಕೆ ನಾಲ್ಕು ಕಾಫಿ, ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ. ನಾಲ್ಕು ಗಂಟೆಗೆ ಖಾರ ಮಂಡಕ್ಕಿ ಜೊತೆ ಎರಡು ಕೋಡುಬಳೆ. ರಾತ್ರಿ ಸೀರಿಯಲ್ ನೋಡುತ್ತಾ ಹುರಿಗಡಲೆ, ಶೇಂಗಾ. ಡಬ್ಬಿ ಖಾಲಿಯಾದ ಮೇಲೇ ನಿಲ್ಲಿಸುತ್ತಿದ್ದೆ. ಬೆಂಗಳೂರಿನಲ್ಲಿ ಇದ್ಯಾವುದೂ ಇರಲಿಲ್ಲ, ಬಸ್ಸಿನಲ್ಲಿ ನಿಂತಿರುತ್ತಿದ್ದೆ. ಸೊಂಟ 89. ಥೈರಾಯ್ಡ್ ಪರೀಕ್ಷೆಗೆ ಸೋಮವಾರ ಹೋಗುತ್ತೇನೆ.

ಮಗನಿಗೆ ಸದ್ಯಕ್ಕೆ ರಾತ್ರಿ ಊಟಕ್ಕೆ ಮಾತ್ರ ಮೊಬೈಲ್ ಬೇಡ ಅಂದೆವು. ಮೊದಲನೇ ದಿನ ಅತ್ತು ಮಲಗಿಬಿಟ್ಟ. ನನಗೂ ಅಳು ಬಂತು. ನಿನ್ನೆ ಅತ್ತೆ ಅವನ ಪಕ್ಕ ನೆಲದ ಮೇಲೆ ಕೂತು, ತಮ್ಮೂರಿನ ಕೆರೆಗೆ ಹುಲಿ ಬಂದ ಕಥೆ ಹೇಳಿದರು. ಒಂದೂವರೆ ಚಪಾತಿ ತಿಂದು "ಸಾಕಜ್ಜಿ" ಅಂದ. ಅವನ ಬಾಯಲ್ಲಿ ಸಾಕು ಅನ್ನೋದನ್ನ ಕೇಳಿ ಎಷ್ಟು ದಿನ ಆಗಿತ್ತೋ.