ಗ್ಯಾಸ್ ಮತ್ತು ವಿದ್ಯುತ್ ಕಂಪನಿಯನ್ನು ಬದಲಾಯಿಸಿದರೆ ನಿಜಕ್ಕೂ ಹಣ ಉಳಿಯುತ್ತದೆಯೇ? (ಬ್ರಿಟನ್)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯಲ್ಲಿದ್ದು, ಗ್ಯಾಸ್ ಮತ್ತು ವಿದ್ಯುತ್ ಎರಡನ್ನೂ ಒಂದೇ ಕಂಪನಿಯಿಂದ ನಮ್ಮ ಹೆಸರಿನಲ್ಲೇ ಪಡೆಯುತ್ತಿದ್ದೇವೆ. ಒಂದು ವರ್ಷದ ಸ್ಥಿರ ದರದ ಒಪ್ಪಂದ ಮುಂದಿನ ತಿಂಗಳು ಮುಗಿಯಲಿದೆ. ಬೇರೊಂದು ಕಂಪನಿ ಈಗಿನದಕ್ಕಿಂತ ಕಡಿಮೆ ಮಾಸಿಕ ಕಂತನ್ನು ಹೇಳುತ್ತಿದೆ. ದರಕ್ಕೆ ನಿಯಂತ್ರಣ ಸಂಸ್ಥೆಯೇ ಮಿತಿ ಹಾಕಿರುವಾಗ ಕಂಪನಿ ಬದಲಾಯಿಸುವುದರಿಂದ ಏನು ಪ್ರಯೋಜನ? ಬದಲಾವಣೆಯ ನಡುವೆ ಪೂರೈಕೆ ನಿಂತುಹೋಗುವುದುಂಟೇ? ಮನೆಯ ಮಾಲೀಕರ ಒಪ್ಪಿಗೆ ಬೇಕೇ? ತಿಳಿದವರು ದಯವಿಟ್ಟು ವಿವರಿಸಿ.

ಮೊದಲ ಉತ್ತರ

ಮಾಸಿಕ ಕಂತನ್ನು ನೋಡಿ ತೀರ್ಮಾನಿಸಬೇಡಿ. ಅದು ವರ್ಷಕ್ಕೆ ನೀವು ಇಷ್ಟು ಬಳಸಬಹುದೆಂಬ ಕಂಪನಿಯ ಅಂದಾಜನ್ನು ಹನ್ನೆರಡು ಪಾಲು ಮಾಡಿದ ಮೊತ್ತ ಮಾತ್ರ. ಅಂದಾಜು ಕಡಿಮೆಯಿದ್ದರೆ ಕಂತೂ ಕಡಿಮೆ, ಬಾಕಿ ಮಾತ್ರ ಚಳಿಗಾಲ ಕಳೆದ ಮೇಲೆ ನಿಮ್ಮ ತಲೆಯ ಮೇಲೆ ಬೀಳುತ್ತದೆ. ಹೋಲಿಸಬೇಕಾದದ್ದು ಎರಡೇ ಅಂಕಿಗಳನ್ನು: ಒಂದು ಯೂನಿಟ್ಟಿನ ದರ, ಮತ್ತು ಏನೂ ಬಳಸದಿದ್ದರೂ ದಿನಕ್ಕಿಷ್ಟೆಂದು ತೆರಬೇಕಾದ ಸ್ಟ್ಯಾಂಡಿಂಗ್ ಚಾರ್ಜ್. ನಿಮ್ಮ ಬಿಲ್ಲಿನಲ್ಲಿ ಕಳೆದ ಹನ್ನೆರಡು ತಿಂಗಳ ಬಳಕೆ ಯೂನಿಟ್‌ಗಳಲ್ಲಿ (ಕಿಲೋವ್ಯಾಟ್-ಗಂಟೆ, kWh) ಇರುತ್ತದೆ. ಅದನ್ನು ಹೊಸ ಯೂನಿಟ್ ದರದಿಂದ ಗುಣಿಸಿ, ಸ್ಟ್ಯಾಂಡಿಂಗ್ ಚಾರ್ಜನ್ನು 365ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ಗ್ಯಾಸಿಗೆ ಒಮ್ಮೆ, ವಿದ್ಯುತ್ತಿಗೆ ಒಮ್ಮೆ, ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ಎರಡನ್ನೂ ಒಂದೇ ಕಂಪನಿಯಿಂದ ಪಡೆಯಬೇಕೆಂಬ ನಿಯಮವೇನೂ ಇಲ್ಲ.

ಈ ಲೆಕ್ಕ ಮನೆಯಿಂದ ಮನೆಗೆ ತಲೆಕೆಳಗಾಗುತ್ತದೆ. ವರ್ಷಕ್ಕೆ 2,700 ಯೂನಿಟ್ ವಿದ್ಯುತ್ ಬಳಸುವವರಿಗೆ ಯೂನಿಟ್ಟಿಗೆ 2 ಪೆನ್ನಿ ಕಡಿಮೆಯಾದರೆ 54 ಪೌಂಡ್ ಉಳಿಯುತ್ತದೆ. ಅದೇ ಕಂಪನಿಯ ಸ್ಟ್ಯಾಂಡಿಂಗ್ ಚಾರ್ಜ್ ದಿನಕ್ಕೆ 10 ಪೆನ್ನಿ ಹೆಚ್ಚಿದ್ದರೆ ಅದರಲ್ಲಿ 36.50 ಪೌಂಡ್ ಮರಳಿ ಹೋಗುತ್ತದೆ. 1,200 ಯೂನಿಟ್ ಮಾತ್ರ ಬಳಸುವ ಸಣ್ಣ ಮನೆಗೆ ಅದೇ ಯೋಜನೆ 12.50 ಪೌಂಡ್ ನಷ್ಟದ್ದು. ಹೀಗಾಗಿ ನೆರೆಮನೆಯವರಿಗೆ ಅಗ್ಗವಾದದ್ದು ನಿಮಗೂ ಅಗ್ಗವಾಗಬೇಕೆಂದಿಲ್ಲ.

ಮಿತಿಯ ವಿಷಯ. ಇಂಧನ ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್‌ನ ದರಮಿತಿ 2019ರ ಜನವರಿಯಿಂದ ಜಾರಿಯಲ್ಲಿದ್ದು, 2022ರ ಅಕ್ಟೋಬರ್‌ನಿಂದ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಅದು ಯೂನಿಟ್ ದರಕ್ಕೂ ಸ್ಟ್ಯಾಂಡಿಂಗ್ ಚಾರ್ಜಿಗೂ ಹಾಕಿದ ಮಿತಿಯೇ ಹೊರತು ನಿಮ್ಮ ಒಟ್ಟು ಬಿಲ್ಲಿಗೆ ಹಾಕಿದ್ದಲ್ಲ. ಪತ್ರಿಕೆಗಳಲ್ಲಿ ಬರುವ ವಾರ್ಷಿಕ ಮೊತ್ತ ಸಾಧಾರಣ ಬಳಕೆಯ ಕಾಲ್ಪನಿಕ ಮನೆಯೊಂದರದು. ಒಪ್ಪಂದ ಮುಗಿದ ಮೇಲೆ ನೀವು ಸುಮ್ಮನಿದ್ದರೆ ಸಾಮಾನ್ಯವಾಗಿ ಈ ಮಿತಿಯ ಆಸುಪಾಸಿನ ಬದಲಾಗುವ ದರಕ್ಕೆ ಬೀಳುತ್ತೀರಿ. ಅದಕ್ಕಿಂತ ಕಡಿಮೆಯ ಸ್ಥಿರ ದರ ಸಿಕ್ಕಿದರೆ ಆ ವ್ಯತ್ಯಾಸವೇ ಪ್ರಯೋಜನ.

ಎರಡನೆಯ ಉತ್ತರ

ಪೂರೈಕೆ ನಿಲ್ಲುವುದಿಲ್ಲ. ಕೊಳವೆ, ತಂತಿ, ಮೀಟರು ಯಾವುದೂ ಬದಲಾಗುವುದಿಲ್ಲ, ಬಿಲ್ಲು ಕಳಿಸುವವರು ಮಾತ್ರ ಬದಲಾಗುತ್ತಾರೆ. ಹೊಸ ಕಂಪನಿಗೆ ಅರ್ಜಿ ಹಾಕಿದರೆ ಸಾಕು, ಹಳೆಯವರೊಂದಿಗಿನ ವ್ಯವಹಾರವನ್ನು ಅವರೇ ನೋಡಿಕೊಳ್ಳುತ್ತಾರೆ. ಸಾಮಾನ್ಯವಾಗಿ ಐದು ಕೆಲಸದ ದಿನಗಳೊಳಗೆ ಮುಗಿಯುತ್ತದೆ. ಮನಸ್ಸು ಬದಲಾದರೆ ಒಪ್ಪಂದ ರದ್ದುಪಡಿಸಲು 14 ದಿನಗಳ ಅವಕಾಶವಿದೆ. ಸ್ಥಿರ ಒಪ್ಪಂದದ ಕೊನೆಯ 49 ದಿನಗಳಲ್ಲಿ ಹೊರಟರೆ ನಿರ್ಗಮನ ಶುಲ್ಕ (ಅವಧಿಗೆ ಮೊದಲೇ ಬಿಟ್ಟರೆ ತೆರಬೇಕಾದದ್ದು) ವಿಧಿಸುವಂತಿಲ್ಲವಾದ್ದರಿಂದ, ನಿಮ್ಮ ಒಪ್ಪಂದ ಆ ಅವಧಿಯೊಳಗೆ ಬಂದಿದ್ದರೆ ಈಗಲೇ ಬದಲಾಯಿಸಬಹುದು.

ಬದಲಾವಣೆಯ ದಿನ ಎರಡೂ ಮೀಟರುಗಳ ಫೋಟೋ ತೆಗೆದಿಡಿ. ಕೊನೆಯ ಬಿಲ್ಲಿನ ಬಗ್ಗೆ ತಕರಾರು ಬಂದರೆ ಆ ಫೋಟೋ ಇದ್ದವರ ಮಾತೇ ಗೆಲ್ಲುತ್ತದೆ. ಕೊನೆಯ ಬಿಲ್ಲು ಆರು ವಾರಗಳೊಳಗೆ ಬರಬೇಕು. ಹಳೆಯ ತಲೆಮಾರಿನ ಸ್ಮಾರ್ಟ್ ಮೀಟರಾಗಿದ್ದರೆ ಹೊಸ ಕಂಪನಿಗೆ ರೀಡಿಂಗ್ ತಾನಾಗಿ ಹೋಗದಿರಬಹುದು. ಆಗ ನೀವೇ ಕಳಿಸುತ್ತಿರಬೇಕಾಗುತ್ತದೆ.

ಬಿಲ್ಲನ್ನು ನೇರವಾಗಿ ಕಂಪನಿಗೆ ಕಟ್ಟುವ ಬಾಡಿಗೆದಾರರಿಗೆ ಕಂಪನಿಯನ್ನು ಆರಿಸಿಕೊಳ್ಳುವ ಹಕ್ಕಿದೆ. ಆದರೂ ಬಾಡಿಗೆ ಕರಾರುಪತ್ರವನ್ನೊಮ್ಮೆ ಓದಿ. ಕೆಲವು ಕರಾರುಗಳಲ್ಲಿ ಮನೆ ಬಿಡುವಾಗ ಮೊದಲಿದ್ದ ಕಂಪನಿಗೇ ಹಿಂದಿರುಗಿಸಬೇಕೆಂಬ ಷರತ್ತು ಇರುತ್ತದೆ. ಮೀಟರನ್ನೇ ಬದಲಾಯಿಸುವುದಾದರೆ ಮಾತ್ರ ಮಾಲೀಕರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಲೆಕ್ಕ ಹಾಕಿ ನೋಡಿದಾಗ ಗ್ಯಾಸಿನಲ್ಲಿ ಉಳಿತಾಯ ಕಾಣಿಸುತ್ತಿದೆ, ವಿದ್ಯುತ್ತಿನಲ್ಲಿ ಇಲ್ಲ. ಅತಿ ಕಡಿಮೆ ದರ ಹೇಳುತ್ತಿರುವುದು ನಾನು ಹೆಸರೇ ಕೇಳಿರದ ಸಣ್ಣ ಕಂಪನಿ. ಅದು ಮುಳುಗಿಹೋದರೆ ನಮ್ಮ ಹಣದ ಗತಿಯೇನು?

ಮೂರನೆಯ ಉತ್ತರ

ಈ ಭಯ ಆಧಾರವಿಲ್ಲದ್ದಲ್ಲ. 2021ರಲ್ಲಿ ಸಗಟು ಗ್ಯಾಸ್ ದರ ಏರಿದಾಗ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಮುಚ್ಚಿದವು. ಆ ವರ್ಷದ ನವೆಂಬರ್‌ನಲ್ಲಿ ಬಲ್ಬ್ ಎಂಬ ದೊಡ್ಡ ಕಂಪನಿಯೇ ವಿಶೇಷ ಆಡಳಿತಕ್ಕೆ (ಸರಕಾರದ ಹಣದಿಂದ ಕಂಪನಿ ನಡೆಸುವ ವ್ಯವಸ್ಥೆಗೆ) ಒಳಗಾಯಿತು. ಕಂಪನಿ ಮುಚ್ಚಿದಾಗ ಸಾಮಾನ್ಯವಾಗಿ ಆಫ್‌ಜೆಮ್ ಗ್ರಾಹಕರನ್ನು ಬೇರೆ ಕಂಪನಿಗೆ ವಹಿಸುತ್ತದೆ, ಮನೆಬಳಕೆಯ ಗ್ರಾಹಕರ ಖಾತೆಯಲ್ಲಿದ್ದ ಹೆಚ್ಚುವರಿ ಹಣಕ್ಕೂ ರಕ್ಷಣೆಯಿದೆ. ಉಳಿಯದಿರುವುದು ನಿಮಗೆ ಸಿಕ್ಕಿದ್ದ ಅಗ್ಗದ ದರ. ಆದ್ದರಿಂದ ಕಂಪನಿ ಸಣ್ಣದೆಂಬ ಕಾರಣಕ್ಕೇ ಬಿಡಬೇಕಾಗಿಲ್ಲ, ಆದರೆ ಅವರ ಗ್ರಾಹಕ ಸೇವೆ ಹೇಗಿದೆಯೆಂದು ವಿಚಾರಿಸದೆ ಹೋಗಬೇಡಿ.

ಮೊದಲ ಉತ್ತರದವರ ಒಂದು ಮಾತಿಗೆ ನನ್ನ ಪೂರ್ಣ ಸಮ್ಮತಿಯಿಲ್ಲ. ಸ್ಥಿರ ದರ ಇಂದಿನ ಮಿತಿಗಿಂತ ಕಡಿಮೆಯಿದ್ದ ಮಾತ್ರಕ್ಕೆ ಅದು ಪ್ರಯೋಜನವೆಂದು ಹೇಳಲಾಗದು, ಏಕೆಂದರೆ ಮೂರು ತಿಂಗಳ ಬಳಿಕ ಮಿತಿಯೇ ಇಳಿಯಬಹುದು. ಹೀಗಾಗಿ ನಿರ್ಗಮನ ಶುಲ್ಕವನ್ನೂ ಲೆಕ್ಕಕ್ಕೆ ಸೇರಿಸಿ. ವರ್ಷದೊಳಗೆ ಮನೆ ಬದಲಿಸುವ ಯೋಚನೆಯಿದ್ದರೆ ಇನ್ನಷ್ಟು ಎಚ್ಚರ ಬೇಕು. ಆ ಶುಲ್ಕ ಎರಡು ಇಂಧನಗಳಿಗೂ ಬೇರೆಬೇರೆಯಾಗಿರುವುದುಂಟು. ನಿಮ್ಮ ಜಾಗದಲ್ಲಿ ನಾನಿದ್ದರೆ ಗ್ಯಾಸನ್ನು ಮಾತ್ರ ಹೊಸ ಕಂಪನಿಗೆ ಒಪ್ಪಿಸಿ, ವಿದ್ಯುತ್ತನ್ನು ನಿರ್ಗಮನ ಶುಲ್ಕವಿಲ್ಲದ ಬದಲಾಗುವ ದರದಲ್ಲೇ ಬಿಟ್ಟು, ಮುಂದಿನ ಮಿತಿಯ ಪ್ರಕಟಣೆಯವರೆಗೆ ಕಾಯುತ್ತಿದ್ದೆ. ಆದರೆ ಆ ಗ್ಯಾಸ್ ದರ ವಿದ್ಯುತ್ತನ್ನೂ ಜೊತೆಗೆ ಕೊಂಡವರಿಗೆ ಮಾತ್ರವೋ ಎಂದು ಮೊದಲು ಕೇಳಿಕೊಳ್ಳಿ.