ಎಂಜಿನಿಯರಿಂಗ್ ಟೆಕ್ನಾಲಜಿ ಪದವಿ: ಓದಿದವರು ಏನನ್ನುತ್ತೀರಿ?

ಪ್ರಶ್ನೆ: ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಟೆಕ್ನಾಲಜಿಗೆ ಸೀಟು ಸಿಕ್ಕಿದೆ. ಇದು ಎಂಜಿನಿಯರಿಂಗ್‌ಗಿಂತ ಒಂದು ಮೆಟ್ಟಿಲು ಕೆಳಗೆ ಎಂದು ಮನೆಯಲ್ಲಿ ಗೊಣಗಾಟ. ನನಗೆ ಗಣಿತ ಅಷ್ಟಕ್ಕಷ್ಟೇ, ಕೈಯಿಂದ ಮಾಡುವ ಕೆಲಸ ಇಷ್ಟ. ಸೇರಲೇ? ಅನುಭವಸ್ಥರು ದಯವಿಟ್ಟು ಹೇಳಿ.

ಮೊದಲ ಉತ್ತರ: ನಾನು ಓದಿದ್ದು ಇದನ್ನೇ, ಈಗ ಕಾರ್ಖಾನೆಯ ಆಟೊಮೇಷನ್ ವಿಭಾಗದಲ್ಲಿದ್ದೇನೆ. ಈ ಕೋರ್ಸಿನ ಜೀವ ಇರುವುದು ಲ್ಯಾಬಿನಲ್ಲಿ. ಒಮ್ಮೆ ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್) ಲ್ಯಾಬಿನಲ್ಲಿ ಮೋಟಾರು ಓಡಿಸಿ, ಗುಂಡಿ ಒತ್ತಿ ನಿಲ್ಲಿಸಿಯೂ ತೋರಿಸಿದೆವು. ಮೇಷ್ಟ್ರು ಏನೂ ಹೇಳದೆ ನಿಲುಗಡೆ ಗುಂಡಿಯ ಒಂದು ತಂತಿಯನ್ನು ಕಿತ್ತು, "ಈಗ ನಿಲ್ಲಿಸಿ ನೋಡೋಣ" ಎಂದರು. ನಿಲ್ಲಲಿಲ್ಲ. ನಿಲುಗಡೆ ಗುಂಡಿಗೆ ಎನ್‌ಸಿ (ನಾರ್ಮಲಿ ಕ್ಲೋಸ್ಡ್) ಸಂಪರ್ಕವೇ ಬೇಕು. ಒತ್ತದಿರುವಾಗ ಅದರಲ್ಲಿ ವಿದ್ಯುತ್ ಹರಿಯುತ್ತಲೇ ಇರಬೇಕು. ಆಗ ತಂತಿ ತುಂಡಾದರೆ ಯಂತ್ರ ತಾನಾಗಿಯೇ ನಿಲ್ಲುತ್ತದೆ. ನಾವು ಕೊಟ್ಟಿದ್ದು ಎನ್‌ಒ (ನಾರ್ಮಲಿ ಓಪನ್), ಅಂದರೆ ಒತ್ತಿದಾಗ ಮಾತ್ರ ವಿದ್ಯುತ್ ಹರಿಯುವ ಸಂಪರ್ಕ. ಅದರಲ್ಲಿ ತಂತಿ ತುಂಡಾದದ್ದು ತಿಳಿಯುವುದು ಅಪಾಯದ ಹೊತ್ತಿನಲ್ಲಿ ಗುಂಡಿ ಒತ್ತಿದ ಮೇಲೆಯೇ. ಇಂಥದ್ದನ್ನು ಪುಸ್ತಕದಲ್ಲಿ ಓದಿದರೆ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ.

ಎರಡನೇ ಉತ್ತರ: ಮೇಲಿನವರ ಮಾತು ಸರಿ. ಆದರೆ ಗಣಿತದಿಂದ ತಪ್ಪಿಸಿಕೊಳ್ಳಲು ಇಲ್ಲಿಗೆ ಬರಬೇಡಿ. ಸಿದ್ಧಾಂತಗಳನ್ನು ಮೂಲದಿಂದ ಸಾಧಿಸುವ ಕೆಲಸ ಕಡಿಮೆ, ನಿಜ, ಆದರೆ ಲೆಕ್ಕ ಮಾಡುವುದರಿಂದ ತಪ್ಪಿಸಿಕೊಳ್ಳಲಾಗದು. ಎಸಿ ಸರ್ಕ್ಯೂಟ್ ಶುರುವಾದ ಕೂಡಲೇ ಫೇಸರ್‌ಗಳು (ಎಸಿ ಅಲೆಯ ಗಾತ್ರ, ಕೋನಗಳನ್ನು ತೋರಿಸುವ ಬಾಣಗಳು), ಅವುಗಳ ಬೆನ್ನಿಗೇ ಸಂಕೀರ್ಣ ಸಂಖ್ಯೆಗಳು. ಕಲನಶಾಸ್ತ್ರವೂ ಇರುತ್ತದೆ. ತ್ರಿಕೋನಮಿತಿಯನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ. ಇನ್ನೊಂದು: ಲ್ಯಾಬಿನ ಅಳತೆಗಳನ್ನು ಆಗಿಂದಾಗಲೇ ಬರೆದಿಟ್ಟುಕೊಳ್ಳಿ. ಮೀಟರಿನ ರೇಂಜ್ ಯಾವುದಿತ್ತು ಎಂಬುದು ರಾತ್ರಿ ವರದಿ ಬರೆಯುವಾಗ ಯಾರಿಗೂ ನೆನಪಿರುವುದಿಲ್ಲ.

ಮೂರನೇ ಉತ್ತರ: ಮನೆಯವರ ಗೊಣಗಾಟಕ್ಕಿಂತ ಮುಖ್ಯವಾದದ್ದು ಮಾನ್ಯತೆ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳಲು 1989ರ ವಾಷಿಂಗ್ಟನ್ ಒಪ್ಪಂದವಿದೆ. ಟೆಕ್ನಾಲಜಿ ಪದವಿಗಳಿಗೆ 2001ರ ಸಿಡ್ನಿ ಒಪ್ಪಂದ. ಎರಡೂ ಬೇರೆ ಬೇರೆ. ಅಮೆರಿಕದಲ್ಲಿ ಇಂಥ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎಬಿಇಟಿ ಸಂಸ್ಥೆಯೊಳಗೇ ಇವೆರಡಕ್ಕೂ ಪ್ರತ್ಯೇಕ ಆಯೋಗಗಳಿವೆ. ಅಲ್ಲಿ ವೃತ್ತಿಪರ ಎಂಜಿನಿಯರ್ ಪರವಾನಗಿ ಕೊಡುವುದು ಆಯಾ ರಾಜ್ಯ. ಕೆಲವು ರಾಜ್ಯಗಳು ಟೆಕ್ನಾಲಜಿ ಪದವೀಧರರಿಂದ ಹೆಚ್ಚು ವರ್ಷಗಳ ಅನುಭವ ಕೇಳುತ್ತವೆ. ಎಲ್ಲಿ ಕೆಲಸ ಮಾಡಬೇಕೆಂದಿದ್ದೀರೋ ಅಲ್ಲಿನ ನಿಯಮವನ್ನು ನೀವೇ ಓದಿ. ಪ್ರವೇಶ ವಿಭಾಗದವರ ಬಾಯಿಮಾತಿಗೆ ಬಿಡಬೇಡಿ.

ನಾಲ್ಕನೇ ಉತ್ತರ: ನನ್ನದು ಸ್ವಲ್ಪ ಭಿನ್ನರಾಗ. ಸಂಶೋಧನೆ, ಚಿಪ್ ವಿನ್ಯಾಸದ ಕಡೆ ಮನಸ್ಸಿದ್ದರೆ ಎಂಜಿನಿಯರಿಂಗನ್ನೇ ಓದಿ. ನಾನು ಟೆಕ್ನಾಲಜಿ ಮುಗಿಸಿ ಸ್ನಾತಕೋತ್ತರಕ್ಕೆ ಹೋದಾಗ ವಿದ್ಯುತ್ಕಾಂತ ಕ್ಷೇತ್ರ ಸಿದ್ಧಾಂತವನ್ನೂ ಮುಂದಿನ ಹಂತದ ಗಣಿತವನ್ನೂ ಹೆಚ್ಚುವರಿಯಾಗಿ ಓದಬೇಕಾಯಿತು. ಯಂತ್ರಗಳನ್ನು ಪರೀಕ್ಷಿಸುವುದು, ಚಾಲೂ ಮಾಡಿಕೊಡುವುದು, ಉತ್ಪಾದನೆ ನೋಡಿಕೊಳ್ಳುವುದು ಇಷ್ಟವಾದರೆ ಮಾತ್ರ ಯೋಚನೆ ಬೇಡ, ಸೇರಿಕೊಳ್ಳಿ.

ಮೊದಲ ಉತ್ತರದವರು ಮತ್ತೆ: ಶುಲ್ಕ ಕಟ್ಟುವ ಮುನ್ನ ಒಮ್ಮೆ ಲ್ಯಾಬಿಗೆ ಹೋಗಿ. ಒಂದು ಪಿಎಲ್‌ಸಿ ಮುಂದೆ ಎಷ್ಟು ಜನ ನಿಂತಿರುತ್ತಾರೆ, ತಂತಿ ಜೋಡಿಸುವವರು ವಿದ್ಯಾರ್ಥಿಗಳೋ ಸಹಾಯಕರೋ, ನೋಡಿಕೊಳ್ಳಿ. ಹತ್ತು ಜನ ಕೈಕಟ್ಟಿ ನಿಂತು ಒಬ್ಬ ಮಾತ್ರ ಮಾಡುತ್ತಿದ್ದರೆ ಬೇರೆ ವಿಶ್ವವಿದ್ಯಾಲಯ ಹುಡುಕಿ.